ಎರಡನೇ ಶೆಡ್ಡಿನ ಕಂಟ್ರೋಲರ್

ನನ್ನ ಮಾವ, ಅಂದರೆ ನನ್ನ ಗಂಡನ ಅಪ್ಪ, ಮೂವತ್ತನಾಲ್ಕು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಹೊರಡದಿದ್ದರೆ ಯಾರಿಗೆ ಬೈಯಬೇಕು, ಇಷ್ಟು ಅವರ ಕೆಲಸ. ನಿಲ್ದಾಣದ ನಟ್ಟನಡುವೆ ನಾಲ್ಕೂ ಕಡೆ ಗಾಜಿನ ಕಿಟಕಿಯಿದ್ದ ಗೂಡೊಂದರಲ್ಲಿ ಒಂದು ಮೈಕು, ಒಂದು ರಿಜಿಸ್ಟರು ಮತ್ತು ಕಾಲು ಗಿಡ್ಡವಾದ ಒಂದು ಕುರ್ಚಿಯ ಜೊತೆ ಅವರು ಸಂಸಾರ ಮಾಡಿದ್ದರು. ಮನೆಯಲ್ಲಿ ಮಾಡಿದ ಸಂಸಾರ ಅದಕ್ಕಿಂತ ಕಡಿಮೆ ಎಂದು ಅತ್ತೆ ಈಗಲೂ ಹೇಳುತ್ತಾರೆ.

ಇನ್ನೂರ ಹನ್ನೆರಡು ಬಸ್ಸುಗಳ ವೇಳೆ ಅವರಿಗೆ ಬಾಯಿಪಾಠ. ಅಷ್ಟೂ ಬಸ್ಸುಗಳನ್ನು ಎಲ್ಲೆಲ್ಲಿಗೋ ಕಳಿಸಿದ ಮನುಷ್ಯ ಸ್ವತಃ ಎಲ್ಲಿಗೂ ಹೋದವರಲ್ಲ. ಒಮ್ಮೆ ಹೆರಿಗೆ ನೋವು ಬಂದ ಹೆಂಗಸೊಬ್ಬಳನ್ನು ಅವಳ ಅಮ್ಮ ಕೈಹಿಡಿದು ಕರೆತರುತ್ತಿದ್ದುದನ್ನು ಗಾಜಿನಿಂದ ನೋಡಿ ಒಂದು ಬಸ್ಸನ್ನು ಏಳು ನಿಮಿಷ ತಡೆದು ನಿಲ್ಲಿಸಿದ್ದರಂತೆ. ಯಾಕೆ ತಡವಾಯಿತು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಇವರೇ ರಿಜಿಸ್ಟರಿನಲ್ಲಿ 'ಏಳು ನಿಮಿಷ ತಡ, ತಪ್ಪು ನನ್ನದು' ಎಂದು ಬರೆದು, ಮೇಲಿನವರಿಂದ ಬೈಸಿಕೊಂಡು ಬಂದರು. ಇಂಥವರ ಜೊತೆ ಒಂದೇ ಮನೆಯಲ್ಲಿ ಇರುವುದು ಅಷ್ಟು ಸುಲಭವಲ್ಲ.

ಅದು ಎಷ್ಟು ಕಷ್ಟ ಎಂಬುದು ಅವರು ನಿವೃತ್ತರಾದ ಮಾರನೆಯ ಬೆಳಗ್ಗೆಯೇ ನಮಗೆಲ್ಲ ಗೊತ್ತಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡಿಕೊಂಡು, "ತಿಂಡಿ ಎಂಟಕ್ಕೆ ಅಂತ ಇತ್ತು. ಈಗ ಎಂಟು ಹನ್ನೆರಡು" ಅಂದರು. ಅತ್ತೆ ಸೌಟು ಹಿಡಿದುಕೊಂಡೇ ತಿರುಗಿದರು. "ಇವತ್ತು ಆ ಬಸ್ಸು ಕೆಟ್ಟು ನಿಂತಿದೆ. ಪ್ರಯಾಣಿಕರು ಬೇರೆ ವ್ಯವಸ್ಥೆ ಮಾಡ್ಕೋಬಹುದು" ಅಂದರು.

ವಾರ ಕಳೆಯುವುದರೊಳಗೆ ಬಚ್ಚಲುಮನೆಯ ಬಾಗಿಲಿಗೆ ಯಾರು ಎಷ್ಟು ಹೊತ್ತಿಗೆ ಸ್ನಾನಕ್ಕೆ ಹೋಗಬೇಕೆಂಬ ಪಟ್ಟಿ ಅಂಟಿತು. ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಗಂಡ, ಅಪ್ಪನಿಗೆ ಎದುರು ಹೇಳಲಾಗದೆ, ಆರು ಮೂವತ್ತೈದಕ್ಕೆ ಕಣ್ಣು ಮುಚ್ಚಿಕೊಂಡೇ ಒಳಗೆ ಹೋಗಿ ಆರು ನಲವತ್ತೈದಕ್ಕೆ ಹೊರಗೆ ಬರುತ್ತಿದ್ದ. ಅತ್ತೆಗೆ ತಲೆ ಚಿಟ್ಟು ಹಿಡಿಯಿತು. "ಇವರನ್ನ ಹೊರಗೆ ಎಲ್ಲಾದ್ರೂ ಹಚ್ಚಮ್ಮ, ನಿನ್ನ ಕೋಳಿಗಳ ಜೊತೆಗಾದ್ರೂ ಸರಿ" ಎಂದು ನನ್ನ ಹತ್ತಿರ ಗೋಗರೆದರು.

ಕೋಳಿಗಳು ನನ್ನವು. ಮನೆಯ ಹಿಂದೆ ತಗಡಿನ ಎರಡು ಶೆಡ್ಡುಗಳು, ಒಂದೊಂದರಲ್ಲಿ ಅರವತ್ತು ಮೊಟ್ಟೆ ಕೋಳಿಗಳು. ಪೇಟೆಯ ಬೇಕರಿಗೆ ದಿನಾ ಬೆಳಗ್ಗೆ ಮೊಟ್ಟೆ ಕೊಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಈ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಆದರೆ ಕೋಳಿ ಸಾಕುವವರಿಗೆ ಸ್ವಲ್ಪ ಕಟ್ಟುನಿಟ್ಟು ಬೇಕೇ ಬೇಕು. ಹದಿನೆಂಟು ವಾರದ ಕೋಳಿ ಬರುತ್ತದೆ, ಎಂಬತ್ತು ವಾರದವರೆಗೆ ಮೊಟ್ಟೆ ಇಡುತ್ತದೆ, ಆಮೇಲೆ ಇಳುವರಿ ಬೀಳುತ್ತದೆ. ಆಗ ನಾನು ತಕ್ಕಡಿಯನ್ನು ಕರೆಯುತ್ತೇನೆ. ತಕ್ಕಡಿ ಎಂದರೆ ಮಾಂಸದ ಕೋಳಿಯ ವ್ಯಾಪಾರಿ. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಅವನು ಪಂಜರ ತಂದು, ತೂಗಿ, ಹಳೆಯ ಕೋಳಿಗಳನ್ನು ಒಯ್ಯುತ್ತಾನೆ. ಆ ಶೆಡ್ಡಿಗೆ ಸುಣ್ಣ ಹೊಡೆದು ಹೊಸ ಕೋಳಿ ತರುತ್ತೇನೆ. ಹನ್ನೊಂದು ವರ್ಷದಿಂದ ಹೀಗೇ ನಡೆದುಬಂದಿದೆ, ಇದರಲ್ಲಿ ನಾನು ಕಣ್ಣೀರು ಹಾಕಿದವಳೂ ಅಲ್ಲ.

ಮಾವ ಕೋಳಿಗಳ ಹತ್ತಿರ ಬಂದ ಮೊದಲ ದಿನವೇ ಮೇವಿನ ಮೂಟೆ ಬಿಚ್ಚಿ ಮೂಗು ಸಿಂಡರಿಸಿದರು. ಕಾರ್ಖಾನೆಯ ಮೇವು ಅದು. ಆ ಸಲ ಬಂದ ಮೂಟೆಗಳಲ್ಲಿ ಎರಡು ಒಳಗೇ ಗಂಟುಕಟ್ಟಿ, ಹಸಿರು ಬೂಷ್ಟು ಹಿಡಿದಿದ್ದವು. ನಾನು ಗುಂಡಿ ತೋಡಿ ಹೂಳುತ್ತಿದ್ದೆ.

"ಇದನ್ನ ನಾವೇ ಬೆಳೀಬಾರದಾ?" ಮಾವ ಕೇಳಿದರು.

"ಬೆಳೀಬಹುದು ಮಾವ. ಬೆಳೆಯೋರು ಯಾರು?"

"ನನಗೇನು ಕೆಲಸ ಇದೆ ಈಗ?" ಅಂದರು. ಅದನ್ನು ಹೇಳಿದ ರೀತಿ ನನಗೆ ಹಿಡಿಸಲಿಲ್ಲ. ದೊಡ್ಡ ದನಿಯ ಮನುಷ್ಯ ಸಣ್ಣ ದನಿಯಲ್ಲಿ ಮಾತಾಡಿದರೆ ಸಂಕಟವಾಗುತ್ತದೆ. ಶೆಡ್ಡಿನ ಆಚೆ ಒಂದೆಕರೆಗಿಂತ ಸ್ವಲ್ಪ ಕಡಿಮೆ ಬೀಳು ಜಾಗವಿತ್ತು, ಕಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ಕೊಟ್ಟುಬಿಟ್ಟೆ. ಎರಡು ವಾರಕ್ಕೆ ಸುಸ್ತಾಗಿ ಬಿಡುತ್ತಾರೆ ಎಂದುಕೊಂಡಿದ್ದೆ.

ಬಿಡಲಿಲ್ಲ. ಕೃಷಿ ಇಲಾಖೆಯಿಂದ ಪುಸ್ತಿಕೆ ತಂದು, ಬಸ್ಸಿನ ವೇಳಾಪಟ್ಟಿಯ ಹಾಗೆ ಬಾಯಿಪಾಠ ಮಾಡಿದರು. ಮೊಟ್ಟೆ ಕೋಳಿಗೆ ಶಕ್ತಿಗೆ ಮುಸುಕಿನ ಜೋಳ, ಮೈ ತುಂಬುವುದಕ್ಕೆ ಸೋಯಾ, ಜಿಡ್ಡಿಗೆ ಸೂರ್ಯಕಾಂತಿ, ಹಳದಿ ಬಣ್ಣಕ್ಕೆ ಕುದುರೆ ಮೆಂತ್ಯದ ಸೊಪ್ಪು, ಚಿಪ್ಪಿಗೆ ಸುಣ್ಣಕಲ್ಲಿನ ನುಚ್ಚು. ಸೋಯಾವನ್ನು ಹಸಿಯಾಗಿ ಕೊಟ್ಟರೆ ಕೋಳಿಗೆ ಜೀರ್ಣವಾಗುವುದಿಲ್ಲ, ಹುರಿದೇ ಕೊಡಬೇಕು ಎಂಬುದನ್ನು ಅವರು ಅತ್ತೆಗೆ ಹದಿನೈದು ಸಲ ಹೇಳಿದರು. "ನಾನೇನು ಹಸಿಯಾಗಿ ತಿಂದ್ನಾ?" ಎಂದು ಅತ್ತೆ ಹದಿನೈದನೆಯ ಸಲ ಕೇಳಿದರು.

ಐದು ತಿಂಗಳಲ್ಲಿ ಬೀಳು ಜಾಗದಲ್ಲಿ ನನ್ನ ಎತ್ತರಕ್ಕೆ ಜೋಳ ನಿಂತಿತು, ಪಕ್ಕದಲ್ಲಿ ಸೋಯಾ, ಸೂರ್ಯಕಾಂತಿ. ಸಾಲುಗಳನ್ನು ನೋಡಿದರೆ ಯಾರೋ ದಾರ ಹಿಡಿದು ನೆಟ್ಟಂತಿತ್ತು, ನಿಜಕ್ಕೂ ಅವರು ದಾರ ಹಿಡಿದೇ ನೆಟ್ಟಿದ್ದರು. ಕೊಯ್ಲು ಮುಗಿದ ಮೇಲೆ ತೆನೆ ಬಿಡಿಸಿ ಛಾವಣಿಯ ಮೇಲೆ ಒಣಗಿಸಿದರು. ಮುರಿದ ಬಾಗಿಲಿನ ತಗಡನ್ನು ಕಲ್ಲಿನ ಮೇಲಿಟ್ಟು, ಕೆಳಗೆ ಜೋಳದ ದಂಟಿನ ಬೆಂಕಿ ಹಾಕಿ, ಸೋಯಾ ಹುರಿದರು. ಹಿತ್ತಿಲಿಡೀ ಘಮ್ಮೆನ್ನುತ್ತಿತ್ತು. ನನ್ನ ಗಂಡ ಎಣ್ಣೆಯ ಡ್ರಮ್ಮಿಗೆ ಅಡ್ಡ ಸರಳು ತೂರಿಸಿ ಹಿಡಿ ಬೆಸೆದು ಕೊಟ್ಟ. ಅದನ್ನು ಅರವತ್ತು ಸುತ್ತು ತಿರುಗಿಸಿದರೆ ಮೇವು ಹದವಾಗಿ ಬೆರೆಯುತ್ತದೆ. ಅರವತ್ತೊಂದನೆಯ ಸುತ್ತು ಮಾವ ಎಂದೂ ತಿರುಗಿಸಲಿಲ್ಲ.

ಇಷ್ಟಾಗುವ ಹೊತ್ತಿಗೆ ಎರಡನೇ ಶೆಡ್ಡಿನ ಕೋಳಿಗಳಿಗೆ ಎಂಬತ್ತು ವಾರ ತುಂಬುತ್ತಿತ್ತು. ದಿನಕ್ಕೆ ಐವತ್ತು ಮೊಟ್ಟೆ ಇಡುತ್ತಿದ್ದವು ಈಗ ಇಪ್ಪತ್ತೆಂಟಕ್ಕೆ ಇಳಿದಿದ್ದವು. ಚಿಪ್ಪು ಎಷ್ಟು ತೆಳುವೆಂದರೆ ಬೇಕರಿಯವನು, "ಅಕ್ಕಾ, ನಾನು ಒಡೆಯೋ ಮೊದಲೇ ಇವು ಒಡೆದಿರ್ತವೆ" ಎಂದು ದೂರಿದ. ತಿಂಗಳ ಕೊನೆಗೆ ತಕ್ಕಡಿಗೆ ಹೇಳಿಕಳಿಸುತ್ತೇನೆ ಎಂದು ನಾನು ಊಟದ ಹೊತ್ತಿನಲ್ಲಿ ಹೇಳಿದೆ.

ಮಾವ ತುತ್ತು ಕೆಳಗಿಟ್ಟರು. "ಅವುಗಳಿಗೆ ನನ್ನ ಮೇವು ಹಾಕಿ ನೋಡೋಣ."

"ವಯಸ್ಸಾಗಿದೆ ಮಾವ. ಮೇವು ಏನು ಮಾಡುತ್ತೆ?"

"ವಯಸ್ಸಾದ ಮಾತ್ರಕ್ಕೆ ಏನೂ ಕೈಲಾಗಲ್ಲ ಅಂತಲಾ?"

ಅವರು ಯಾರ ಪರವಾಗಿ ವಾದ ಮಾಡುತ್ತಿದ್ದಾರೆಂದು ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಾಯಿತು. ಅತ್ತೆ ನನ್ನ ಕಡೆ ನೋಡಿದರು. ನಾನು ಸೋತೆ, ಆದರೆ ಪೂರ್ತಿ ಸೋಲುವುದು ನನ್ನ ಜಾಯಮಾನದಲ್ಲಿಲ್ಲ. ಒಂದು ಷರತ್ತು ಹಾಕಿದೆ. ಮೂರು ತಿಂಗಳು ಟೈಮು. ಮೂರನೆಯ ತಿಂಗಳ ಕೊನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಎರಡನೇ ಶೆಡ್ಡಿನ ಬುಟ್ಟಿಯಲ್ಲಿ ಅವತ್ತಿನ ಮೂವತ್ತು ಮೊಟ್ಟೆ ಇರಬೇಕು. ಅರವತ್ತಕ್ಕೆ ಅರ್ಧ. ಇದ್ದರೆ ಕೋಳಿಗಳು ಉಳಿಯುತ್ತವೆ. ಒಂದು ಕಡಿಮೆಯಾದರೂ ಅರವತ್ತೂ ತಕ್ಕಡಿಯ ಪಾಲು, ಆಮೇಲೆ ಮೇವಿನ ವಿಷಯ ಈ ಮನೆಯಲ್ಲಿ ಯಾರೂ ಎತ್ತಕೂಡದು.

"ಒಪ್ಪಿದೆ" ಅಂದರು ಮಾವ. ಒಪ್ಪಿದ್ದನ್ನು ಬರೆದು ರುಜು ಹಾಕಿ ನನ್ನಿಂದಲೂ ಹಾಕಿಸಿದರು.

ಒಂದನೇ ತಾರೀಖಿನ ಬೆಳಗ್ಗೆ ನಾನು ಹೋಗಿ ನೋಡುತ್ತೇನೆ, ಎರಡನೇ ಶೆಡ್ಡಿನ ಬಾಗಿಲಿಗೆ ಒಂದು ನೋಟಿಸು. 'ಇಂದಿನಿಂದ ಈ ಶೆಡ್ಡಿನಲ್ಲಿ ಹೊಸ ಮೇವು ಜಾರಿಗೆ ಬಂದಿರುತ್ತದೆ. ಹಳೆಯ ಮೇವು ರದ್ದಾಗಿರುತ್ತದೆ. ಎಲ್ಲರೂ ಸಹಕರಿಸಬೇಕು.' ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನಗುವ ಬದಲು ಅದನ್ನು ಸರಿಯಾಗಿ ಓದಬೇಕಿತ್ತು. ನಿಲ್ದಾಣದಲ್ಲಿ ಹೊಸ ವೇಳಾಪಟ್ಟಿ ಬರುತ್ತಿದ್ದದ್ದು ಹಾಗೆಯೇ. ಹಿಂದಿನ ದಿನದವರೆಗೆ ಒಂದು, ಒಂದನೇ ತಾರೀಖಿನಿಂದ ಇನ್ನೊಂದು. ಜನ ಎರಡು ದಿನ ಗೊಣಗಿ ಮೂರನೆಯ ದಿನ ಹೊಂದಿಕೊಳ್ಳುತ್ತಿದ್ದರು. ಮಾವ ಕೋಳಿಗಳಿಗೂ ಅದನ್ನೇ ಮಾಡಿದ್ದರು. ಒಂದೂವರೆ ವರ್ಷ ಕಾರ್ಖಾನೆಯ ಮೇವು ತಿಂದವುಗಳ ಮುಂದೆ ಒಂದು ಕಾಳೂ ಹಳೆಯದನ್ನು ಉಳಿಸದೆ ಪೂರ್ತಿ ಹೊಸದನ್ನು ಸುರಿದಿದ್ದರು.

ಕೋಳಿಗಳು ಸಹಕರಿಸಲಿಲ್ಲ. ಮೊದಲ ದಿನ ಕತ್ತು ಓರೆ ಮಾಡಿ ನೋಡಿದವು. ಎರಡನೆಯ ದಿನ ಜೋಳದ ನುಚ್ಚನ್ನಷ್ಟೇ ಆರಿಸಿ ತಿಂದು ಉಳಿದದ್ದನ್ನು ಕಾಲಿನಿಂದ ಕೆದರಿ ಎರಚಿದವು. ಮೊಟ್ಟೆ ಇಪ್ಪತ್ತಾರಾಯಿತು, ಹತ್ತೊಂಬತ್ತಾಯಿತು, ಹನ್ನೊಂದಾಯಿತು. ಎರಡನೆಯ ವಾರ ಮುಗಿಯುವ ಹೊತ್ತಿಗೆ ಬುಟ್ಟಿಯಲ್ಲಿ ಒಂದೇ ಒಂದು ಇತ್ತು, ಅದೂ ಚಿಪ್ಪಿಲ್ಲದ ಮೆತ್ತನೆಯ ಮೊಟ್ಟೆ. ಮಾರನೆಯ ದಿನ ಅದೂ ಇಲ್ಲ. ಆಮೇಲೆ ಪುಕ್ಕ ಉದುರತೊಡಗಿತು. ಮೊದಲು ಕತ್ತು, ಆಮೇಲೆ ಎದೆ, ಆಮೇಲೆ ಬೆನ್ನು. ಅರವತ್ತು ಕೋಳಿಗಳು ಮೈಮೇಲೆ ಏನೂ ಇಲ್ಲದೆ, ನಾಚಿಕೆಯೂ ಇಲ್ಲದೆ, ಶೆಡ್ಡಿನ ತುಂಬ ಓಡಾಡಿಕೊಂಡಿದ್ದವು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ಇದು ನಿಮ್ಮ ನಿಲ್ದಾಣ ಅಲ್ಲ ಮಾವ, ಸೀಟಿ ಊದಿದ ಕೂಡಲೇ ಹೊರಡೋಕೆ" ಎಂದೂ ಅಂದೆ. ಮಾವ ಬಾಗಿಲ ಮೇಲಿದ್ದ ನೋಟಿಸನ್ನು ಉಗುರಿನಿಂದ ಕೆರೆದು ತೆಗೆದು, ಮಡಿಸಿ ಜೇಬಿಗೆ ಹಾಕಿಕೊಂಡರು. ಆ ಮಧ್ಯಾಹ್ನ ಊಟಕ್ಕೆ ಅವರೇ ಇಪ್ಪತ್ತು ನಿಮಿಷ ತಡವಾಗಿ ಬಂದರು. ಅತ್ತೆ ಅವರನ್ನು ಒಂದು ಮಾತೂ ಕೇಳಲಿಲ್ಲ. ನನ್ನನ್ನು ಮಾತ್ರ ಕಣ್ಣಲ್ಲೇ ಸುಟ್ಟರು.

ಪಶುವೈದ್ಯೆಯನ್ನು ಕರೆಸಿದೆವು. ಆಕೆ ಒಂದು ಕೋಳಿಯನ್ನು ಎತ್ತಿ ಹೊಟ್ಟೆ ಒತ್ತಿ ನೋಡಿ, ಮೇವನ್ನು ಅಂಗೈಯಲ್ಲಿ ಹರಡಿ ಮೂಸಿ, "ಮೇವಲ್ಲಿ ಏನೂ ತಪ್ಪಿಲ್ಲ, ಚೆನ್ನಾಗಿದೆ. ಕೊಟ್ಟ ರೀತಿ ತಪ್ಪು" ಅಂದರು. ಹಳೆಯದರಲ್ಲಿ ಹೊಸದನ್ನು ಮೊದಲ ದಿನ ಒಂದು ಹಿಡಿ, ಮಾರನೆಯ ದಿನ ಎರಡು ಹಿಡಿ, ಹೀಗೆ ಎರಡು ವಾರ ಬೆರೆಸುತ್ತ ಬರಬೇಕಿತ್ತಂತೆ. ಈಗ ಬೆಚ್ಚಿಬಿದ್ದ ಕೋಳಿಗಳು ಮೊಟ್ಟೆಯ ಕೆಲಸ ನಿಲ್ಲಿಸಿ ಪುಕ್ಕ ಬದಲಾಯಿಸುತ್ತಿವೆ.

"ಮತ್ತೆ ಇಡ್ತವಾ?" ಮಾವ ಕೇಳಿದರು.

"ಇಡಬಹುದು. ಒಂದೆರಡು ತಿಂಗಳು ಬೇಕು. ಪುಕ್ಕ ಕಟ್ಟೋಕೆ ಮೈಗೆ ಬಲ ಬೇಕು, ಸೋಯಾ ಹೆಚ್ಚಿಗೆ ಹಾಕಿ, ಹುಳ ಸಿಕ್ಕರೆ ಅದನ್ನೂ ಹಾಕಿ. ಸದ್ಯ ಯಾವುದನ್ನೂ ಇನ್ನೊಂದು ಸಲ ಬದಲಾಯಿಸಬೇಡಿ." ವೈದ್ಯೆ ಹೋಗುವಾಗ ನನ್ನ ಕಡೆ ತಿರುಗಿ, "ಕಾಯೋಕೆ ಆದ್ರೆ ಕಾಯಿರಿ" ಅಂದರು. ನನ್ನ ಮುಖ ನೋಡಿಯೇ ಹೇಳಿರಬೇಕು.

ಕಾಯಲಾಗಲಿಲ್ಲ. ಐದನೆಯ ವಾರ ಒಂದು ಬೆಳಗ್ಗೆ, ಖಾಲಿ ಬುಟ್ಟಿ ನೋಡಿ ನೋಡಿ ಬೇಸತ್ತು, ಯಾರಿಗೂ ಹೇಳದೆ ತಕ್ಕಡಿಗೆ ಫೋನು ಮಾಡಿದೆ. ಬಂದ. ಶೆಡ್ಡಿನ ಬಾಗಿಲು ತೆಗೆದು ಒಳಗೆ ಇಣುಕಿದವನು ಹಾಗೆಯೇ ನಿಂತ. ಆಮೇಲೆ ತಿರುಗಿ, "ಅಕ್ಕಾ, ಇವನ್ನ ಅಂಗಡಿ ಮುಂದೆ ನೇತು ಹಾಕಿದ್ರೆ ಗಿರಾಕಿಗಳು ದುಡ್ಡು ಕೊಡಲ್ಲ, ಇವಕ್ಕೆ ಉಡೋಕೆ ಬಟ್ಟೆ ಕೊಡ್ತಾರೆ" ಅಂದ. ಬೇಕಾದರೆ ಪುಕ್ಕ ಬಂದ ಮೇಲೆ ಕರೆಯಿರಿ ಎಂದ. ಹಾಗಾದರೆ ಮೂರನೆಯ ತಿಂಗಳ ಕೊನೆಯ ದಿನ ಹನ್ನೆರಡಕ್ಕೆ ಬಾ ಎಂದೆ. ಮಾವ ಜೋಳದ ಹೊಲದಂಚಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನಾನು ಷರತ್ತು ಮುರಿದು ಮೊದಲೇ ಕರೆಸಿದ್ದೆ, ಅವರು ಮೇವಿನ ಬಕೆಟ್ಟು ಎತ್ತಿಕೊಂಡು ಶೆಡ್ಡಿನ ಒಳಗೆ ಹೋದರು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅವತ್ತಿನಿಂದ ಅವರು ಶೆಡ್ಡಿನಲ್ಲೇ ಬೀಡುಬಿಟ್ಟರು. ಗೊಬ್ಬರದ ಗುಂಡಿಯ ಪಕ್ಕ ಕೊಳೆತ ತರಕಾರಿ ಹಾಕಿ ಬಿಳಿ ಹುಳ ಬೆಳೆಸಿದರು. ಅತ್ತೆ ಆ ಕಡೆ ಹೋಗುವುದನ್ನೇ ಬಿಟ್ಟರು. ಅರೆದ ಸೂರ್ಯಕಾಂತಿ ಬೀಜ, ಹುರಿದ ಸೋಯಾ, ಮೇಲೆ ಒಂದು ಬೊಗಸೆ ಹುಳ. ಕೋಳಿಗಳು ಈಗ ಮೇವಿನ ತೊಟ್ಟಿಯ ಹತ್ತಿರ ಮುಗಿಬೀಳುತ್ತಿದ್ದವು. ಬೋಳು ಕತ್ತುಗಳ ಮೇಲೆ ಸಣ್ಣ ಸಣ್ಣ ಕಡ್ಡಿಯಂಥ ಹೊಸ ಪುಕ್ಕಗಳು ಎದ್ದವು. ಎಂಟನೆಯ ವಾರಕ್ಕೆ ಅವು ಕಂದು ಬಣ್ಣದ ಹೊಸ ಅಂಗಿ ತೊಟ್ಟುಕೊಂಡು, ಒಂದನೇ ಶೆಡ್ಡಿನ ಎಳೆಯ ಕೋಳಿಗಳಿಗಿಂತ ಚೆನ್ನಾಗಿ ಕಾಣತೊಡಗಿದವು.

ಒಂಬತ್ತನೆಯ ವಾರ, ಒಂದು ಮಂಗಳವಾರ, ಮಾವ ಅಡುಗೆಮನೆಗೆ ಬಂದು ಮೇಜಿನ ಮೇಲೆ ಒಂದು ಮೊಟ್ಟೆ ಇಟ್ಟರು. ದೊಡ್ಡ ಮೊಟ್ಟೆ. ಬೆರಳಿನ ಗಿಣ್ಣಿನಿಂದ ತಟ್ಟಿದರೆ ಪಿಂಗಾಣಿ ಕಪ್ಪು ತಟ್ಟಿದಂತೆ ಸದ್ದು. ಅದರ ಮೇಲೆ ಪೆನ್ಸಿಲ್ಲಿನಲ್ಲಿ '8.40' ಎಂದು ಬರೆದಿತ್ತು.

"ಇದೇನು?" ಕೇಳಿದೆ.

"ಎತ್ತಿಕೊಂಡ ಟೈಮು" ಅಂದರು.

ಅವತ್ತಿನಿಂದ ಪ್ರತಿ ಮೊಟ್ಟೆಯ ಮೇಲೂ ಟೈಮು ಬಿತ್ತು. ದಿನವಿಡೀ ಶೆಡ್ಡಿಗೆ ಹೋಗಿಬಂದು ಎತ್ತುತ್ತಿದ್ದರು, ಎತ್ತಿದ ಕೂಡಲೇ ಬರೆಯುತ್ತಿದ್ದರು. ಬೇಕರಿಯವನಿಗೆ ತಮಾಷೆಯೋ ತಮಾಷೆ. "ಒಂಬತ್ತು ಹತ್ತರದು ಇದೆಯಾ ಅಕ್ಕಾ, ಅದು ಚೆನ್ನಾಗಿರುತ್ತೆ" ಎಂದು ಕೇಳುತ್ತಿದ್ದ. ಆದರೆ ಒಡೆದು ನೋಡಿದ ದಿನ ತಮಾಷೆ ಬಿಟ್ಟ. ಹಳದಿ ಎಷ್ಟು ದಟ್ಟವಾಗಿತ್ತೆಂದರೆ, ಕೇಕಿಗೆ ಬೇರೆ ಬಣ್ಣ ಹಾಕಿದ್ದೀಯಾ ಎಂದು ಗಿರಾಕಿಗಳು ಅವನಿಗೇ ಗದರಿದರಂತೆ. ಇನ್ನು ಮೇಲೆ ಟೈಮು ಬರೆದ ಮೊಟ್ಟೆಯೇ ಬೇಕು ಎಂದ.

ಮೊಟ್ಟೆ ನಾಲ್ಕಾಯಿತು, ಒಂಬತ್ತಾಯಿತು, ಹದಿನಾರಾಯಿತು. ನಾನು ಲೆಕ್ಕ ನೋಡುತ್ತಿಲ್ಲ ಎಂಬಂತೆ ಓಡಾಡುತ್ತಿದ್ದೆ, ಓಡಾಡುವಾಗ ಬುಟ್ಟಿಯ ಮೇಲೆ ಒಂದು ಕಣ್ಣು ಇಡುತ್ತಿದ್ದೆ. ಅತ್ತೆಯೂ ಹಾಗೆಯೇ. ನನ್ನ ಗಂಡ ಅಂಗಡಿಯಿಂದ ಮಧ್ಯಾಹ್ನ ಫೋನು ಮಾಡಿ ಅದೂ ಇದೂ ಮಾತಾಡಿ, ಕೊನೆಗೆ "ಎಷ್ಟಂತೆ?" ಎನ್ನುತ್ತಿದ್ದ. ಇಪ್ಪತ್ತೊಂದು. ಇಪ್ಪತ್ತನಾಲ್ಕು. ಇನ್ನು ಎರಡು ದಿನವಿದೆ ಎನ್ನುವಾಗ ಇಪ್ಪತ್ತಾರು. ಇನ್ನೊಂದು ವಾರ ಸಿಕ್ಕರೆ ಮೂವತ್ತು ದಾಟುತ್ತವೆ ಎಂಬುದು ಕೋಳಿ ಸಾಕಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಮಾವ ಆ ವಾರವನ್ನು ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ. ಕೇಳದೆ ಕೊಡಲು ನನಗೆ ಬಿಗುಮಾನ. ಷರತ್ತು ಹಾಕಿದವಳೇ ಹೋಗಿ ಷರತ್ತು ಬೇಡ ಎನ್ನುವುದು ಹೇಗೆ? ನಾನು ಹೀಗೆಯೇ, ಇದಕ್ಕೆ ಮದ್ದಿಲ್ಲ.

ಕೊನೆಯ ದಿನ ಬಂತು. ಹನ್ನೊಂದು ಗಂಟೆಗೆ ಮಾವ ಸೋಯಾ ಹುರಿಯುವ ಕಡೆ ಹೋದಾಗ ನಾನು ಎರಡನೇ ಶೆಡ್ಡಿನ ಮುಂದಿನ ಬುಟ್ಟಿ ಎಣಿಸಿದೆ. ಇಪ್ಪತ್ತಾರು. ಇನ್ನು ಒಂದೆರಡು ಬರಬಹುದು ಅಷ್ಟೆ. ಆಮೇಲೆ ಮಾಡಿದ್ದನ್ನು ಹೇಗೆ ಮಾಡಿದೆನೋ ನನಗೇ ಗೊತ್ತಿಲ್ಲ. ಒಂದನೇ ಶೆಡ್ಡಿಗೆ ಹೋಗಿ ಇದ್ದುದರಲ್ಲಿ ದೊಡ್ಡವು ನಾಲ್ಕನ್ನು ಆರಿಸಿದೆ. ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆಗೆ ಬಂದು, ಪೆನ್ಸಿಲ್ ಹುಡುಕಿ, ಅವುಗಳ ಮೇಲೆ ಟೈಮು ಬರೆದೆ. 9.20, 9.55, 10.25, 11.05. ಮಾವನ ಅಕ್ಷರದ ಹಾಗೆಯೇ ಬಲಕ್ಕೆ ವಾಲಿಸಿ ಬರೆದೆ. ಅತ್ತೆ ಒಲೆಯ ಮುಂದೆ ಇದ್ದರು. ತಿರುಗಿ ನೋಡಿದರು, ಏನೂ ಕೇಳದೆ ಮತ್ತೆ ಒಲೆಯ ಕಡೆ ತಿರುಗಿದರು. ನಾನು ಹೋಗಿ ನಾಲ್ಕನ್ನೂ ಬುಟ್ಟಿಯ ತಳದಲ್ಲಿ ಸೇರಿಸಿ ಬಂದೆ. ಹನ್ನೊಂದು ವರ್ಷ ಬೇಕರಿಗೆ ಒಂದು ಮೊಟ್ಟೆ ಹೆಚ್ಚು ಕಡಿಮೆ ಮಾಡದವಳು ನಾನು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ತಕ್ಕಡಿಯ ಗಾಡಿ ಬಂತು. ಪಂಜರಗಳನ್ನು ಇಳಿಸದೆ, ಕೈಕಟ್ಟಿ ಗಾಡಿಗೆ ಒರಗಿ ನಿಂತ. ಅವನಿಗೂ ವಿಷಯ ಗೊತ್ತಿತ್ತು. ನನ್ನ ಗಂಡ ಅಂಗಡಿ ಮುಚ್ಚಿ ಬಂದಿದ್ದ. ಅತ್ತೆ ಕೈ ಒರೆಸಿಕೊಳ್ಳುತ್ತ ಹಿತ್ತಿಲ ಬಾಗಿಲಿಗೆ ಬಂದರು.

ಮಾವ ಅಷ್ಟರಲ್ಲಾಗಲೇ ಶೆಡ್ಡಿನಿಂದ ಇನ್ನೊಂದು ಮೊಟ್ಟೆ ತಂದು, ಅದರ ಮೇಲೆ '11.40' ಬರೆದು ಬುಟ್ಟಿಗೆ ಹಾಕಿದ್ದರು. ಸರಿಯಾಗಿ ಹನ್ನೆರಡಕ್ಕೆ ಕಲ್ಲಿನ ಮೇಲೆ ಕೂತು ಎಣಿಸತೊಡಗಿದರು. ಒಂದೊಂದನ್ನೇ ಎತ್ತಿ, ಟೈಮು ಓದಿ, ಪಕ್ಕದ ಟ್ರೇಯಲ್ಲಿ ಇಡುತ್ತಿದ್ದರು. ಬುಟ್ಟಿಯ ತಳ ಹತ್ತಿರ ಬಂದಾಗ ಅವರ ಕೈ ನಿಂತಿತು. ಒಂದನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು ನೋಡಿ, ಟ್ರೇಗೆ ಹಾಕದೆ ನೆಲದ ಮೇಲೆ ಬೇರೆ ಇಟ್ಟರು. ಇನ್ನೊಂದನ್ನೂ ಹಾಗೆಯೇ. ಮತ್ತೊಂದನ್ನೂ. ನಾಲ್ಕೂ ಸಾಲಾಗಿ ನೆಲದ ಮೇಲೆ ಕೂತವು.

"ಇವು ಯಾಕೆ ಬೇರೆ?" ನನ್ನ ಗಂಡ ಕೇಳಿದ.

"ನಾನು ಶೆಡ್ಡಿಗೆ ಹೋಗೋದು ಪ್ರತಿ ಗಂಟೆ ಹತ್ತು ನಿಮಿಷ ಆದಾಗ ಒಂದು ಸಲ, ನಲವತ್ತಾದಾಗ ಒಂದು ಸಲ" ಅಂದರು ಮಾವ. "ಹತ್ತು ಇಪ್ಪತ್ತೈದಕ್ಕೆ ನಮ್ಮಲ್ಲಿ ಟ್ರಿಪ್ಪೇ ಇಲ್ಲ."

ನನ್ನ ಕಿವಿ ಬಿಸಿಯಾಯಿತು. ಅವರು ನನ್ನ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಟ್ರೇಯಲ್ಲಿದ್ದವನ್ನು ಮತ್ತೊಮ್ಮೆ ಎಣಿಸಿ, "ಇಪ್ಪತ್ತೇಳು. ಬೇಕಿದ್ದದ್ದು ಮೂವತ್ತು" ಅಂದರು. ಎದ್ದು ನಿಂತು ಅಂಗಿಯ ತುದಿಯಲ್ಲಿ ಕೈ ಒರೆಸಿಕೊಂಡರು. "ಪಂಜರ ಇಳಿಸಪ್ಪ" ಎಂದು ತಕ್ಕಡಿಗೆ ಹೇಳಿದರು. ನಿಲ್ದಾಣದ ದನಿಯಲ್ಲೇ ಹೇಳಿದರು.

ತಕ್ಕಡಿ ಪಂಜರದ ಹಗ್ಗಕ್ಕೆ ಕೈ ಹಾಕಿದ.

"ಇಳಿಸಬೇಡ" ಅಂದೆ.

"ಯಾಕಮ್ಮ?" ಮಾವ ಕೇಳಿದರು. "ಇಬ್ರೂ ರುಜು ಹಾಕಿದೀವಿ."

"ಆ ನಾಲ್ಕು ಇಟ್ಟಿದ್ದು ನಾನು." ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. "ಒಂದನೇ ಶೆಡ್ಡಿಂದ ಕದ್ದು ತಂದು, ನಿಮ್ಮ ಥರಾನೇ ಟೈಮು ಬರೆದು ಇಟ್ಟೆ. ಈ ಕೋಳಿಗಳಿಗೋಸ್ಕರ ಕಳ್ಳತನ ಮಾಡಿದೀನಿ ಅಂದ್ರೆ ಅವು ನನಗೆ ಬೇಕು ಅಂತಲೇ ಅರ್ಥ. ಷರತ್ತು ಹಾಕಿದ್ದು ನಾನು, ತೆಗೀತಿರೋದೂ ನಾನೇ. ನಿಮ್ಮ ಮೇವು ಇರಲಿ, ಕೋಳಿಗಳೂ ಇರಲಿ." ನನ್ನ ದನಿ ಒಡೆಯಿತು. ಈ ಮನೆಯಲ್ಲಿ ಅದನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

ತಕ್ಕಡಿ ಹಗ್ಗ ಬಿಟ್ಟು ಗಾಡಿ ಹತ್ತಿದ. ಹೋಗುವ ಮುನ್ನ, ತನ್ನ ಮನೆಗೂ ಒಂದು ಡಜನ್ ಟೈಮು ಬರೆದ ಮೊಟ್ಟೆ ಬೇಕೆಂದು ಹೇಳಿ ಹೋದ. ಅತ್ತೆ ನೆಲದ ಮೇಲಿದ್ದ ನಾಲ್ಕು ಮೊಟ್ಟೆಗಳನ್ನು ಎತ್ತಿಕೊಂಡು, "ಬರೆಯೋಳು ನನ್ನನ್ನಾದ್ರೂ ಕೇಳಬಾರದಿತ್ತಾ? ಅವರು ಎಷ್ಟೊತ್ತಿಗೆ ಹೋಗ್ತಾರೆ ಅಂತ ನನಗೆ ಗೊತ್ತಿತ್ತು" ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ಒಳಗೆ ಹೋದರು.

ಮಾವ ಮತ್ತೆ ಕಲ್ಲಿನ ಮೇಲೆ ಕೂತಿದ್ದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಅವು ನಿನಗೆ ಇಷ್ಟು ಬೇಕಿತ್ತು ಅಂದ್ರೆ ಮೊದಲೇ ಒಂದು ಮಾತು ಹೇಳಬಾರದಿತ್ತಾ?" ಅಂದರು. "ಮೂರು ತಿಂಗಳಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ."

ಅವತ್ತು ಊಟ ಮಾಡಿ, ಹೊರಗಿನ ಕೋಣೆಯ ಮಂಚದ ಮೇಲೆ ಚಪ್ಪಲಿಯನ್ನೂ ಬಿಚ್ಚದೆ ಅಡ್ಡಾದವರು ಹಾಗೆಯೇ ನಿದ್ದೆಹೋದರು. ನಾಲ್ಕು ಗಂಟೆಯಾಯಿತು, ಐದಾಯಿತು. ಗೊರಕೆ ಹಿತ್ತಿಲವರೆಗೂ ಕೇಳುತ್ತಿತ್ತು. ಐದೂವರೆಗೆ ಕೋಳಿಗಳು ಮೇವಿಗಾಗಿ ಗಲಾಟೆ ಶುರುಮಾಡಿದವು. ನಾನು ಅವರ ಚಪ್ಪಲಿ ಬಿಚ್ಚಿ ಮಂಚದ ಕೆಳಗಿಟ್ಟು, ಬಾಗಿಲು ಸದ್ದಾಗದಂತೆ ಎಳೆದುಕೊಂಡು, ಬಕೆಟ್ಟು ಹಿಡಿದು ಎರಡನೇ ಶೆಡ್ಡಿಗೆ ಹೋದೆ.